ಸೀಳುತುಟಿಯೂ ತಾಯಿಯ ಮೇಲಣ ಅಪವಾದವೂ

ವಿದ್ಯೆಯ ಬೆಲೆ ತಿಳಿಯುವುದು ಅದು ನಿರಪರಾಧಿಯ ಮೇಲಣ ಆರೋಪವನ್ನು ಅಳಿಸಿದಾಗ. ಶಿವಮೊಗ್ಗದ ಕೋಟೆಯಿರಲಿ, ಭದ್ರಾವತಿಯಿರಲಿ, ನಾಡಿನ ಇತರೆಡೆಗಳಂತೆ ಇಲ್ಲಿಯೂ ಗ್ರಹಣಕಾಲದಲ್ಲಿ ಗರ್ಭಿಣಿಯರನ್ನು ಹೊರಗೆ ಬಿಡದ, ಈಳಿಗೆಮಣೆಯನ್ನು ಮುಟ್ಟಗೊಡದ ಪದ್ಧತಿ ಹಳೆಯದು. ಅದು ಕೇವಲ ವಿಶ್ರಾಂತಿಯ ನೆಪವಾಗಿದ್ದರೆ ಆಕ್ಷೇಪಣೆಗೆ ಎಡೆಯಿರಲಿಲ್ಲ. ಆದರೆ ಸೀಳುತುಟಿಯ ಮಗು ಜನಿಸಿದಾಗ, ‘ಗ್ರಹಣದಲ್ಲಿ ಏನನ್ನು ಕತ್ತರಿಸಿದೆ?’ ಎಂಬ ಪ್ರಶ್ನೆ ಬಾಣಂತಿಯನ್ನು ಇರಿಯುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಪ್ರಯೋಗಶಾಲೆ ಒದಗಿಸಿದೆ.

ಮಾನವನ ಮುಖವು ಒಂದೇ ಅಚ್ಚಿನ ಎರಕವಲ್ಲ, ಹಲವು ಭಾಗಗಳ ಬೆಸುಗೆ. ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಭದ್ರಾವತಿಯವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಭ್ರೂಣದಲ್ಲಿ ಮೆದುಳು ರೂಪುಗೊಳ್ಳುವ ಎಡೆಯ ಅಂಚಿನಿಂದ ಹೊರಟ ಜೀವಕೋಶಗಳು ಮುಖದತ್ತ ಸರಿದು, ಮೂಗಿನ ಹಾಗೂ ದವಡೆಯ ಉಬ್ಬುಗಳನ್ನು ಬೆಳೆಸುತ್ತವೆ. ಸುಮಾರು ಏಳನೆಯ ವಾರದ ವೇಳೆಗೆ ಈ ಉಬ್ಬುಗಳು ಕೂಡಿ ಮೇಲ್ದುಟಿಯಾಗುತ್ತದೆ. ಅಂಗುಳದ ಎರಡು ಹಲಗೆಗಳು ಮೊದಲು ನಾಲಗೆಯ ಪಕ್ಕದಲ್ಲಿ ಇಳಿಬಿದ್ದಿದ್ದು, ಬಳಿಕ ಮೇಲೆದ್ದು ನಡುವೆ ಸಂಧಿಸುತ್ತವೆ. ಸಂಧಿಯಲ್ಲಿನ ಹೊದಿಕೆಯ ಕೋಶಗಳು ಮರೆಯಾದರೆ ಮಾತ್ರ ಬೆಸುಗೆ ಪೂರ್ಣ. ಮೂರನೆಯ ತಿಂಗಳು ಮುಗಿಯುವುದರೊಳಗೆ ಎಲ್ಲವೂ ನಿರ್ಧಾರವಾಗಿರುತ್ತದೆ. ಹೀಗಿರಲು ಏಳನೆಯ ತಿಂಗಳಿನಲ್ಲಿ ಬಂದ ಗ್ರಹಣವು ತುಟಿಯನ್ನು ಸೀಳುವುದಾದರೂ ಹೇಗೆ?

ಟಿಜಿಎಫ್-ಬೀಟಾ 3 ಎಂಬ ಸಂದೇಶವಾಹಕ ಪ್ರೋಟೀನಿಲ್ಲದ ಇಲಿಮರಿಗಳು ಸೀಳು ಅಂಗುಳದೊಡನೆ ಜನಿಸುವುದನ್ನು 1995ರಲ್ಲಿ ವಿಜ್ಞಾನಿಗಳು ಕಂಡರು. ಸೀಳುತುಟಿ ವಂಶದಲ್ಲಿ ಇಳಿದುಬರುವ ಒಂದು ಬಗೆಯ ಕಾಯಿಲೆಗೆ ಐಆರ್‌ಎಫ್ 6 ಎಂಬ ವಂಶವಾಹಿಯ ದೋಷ ಕಾರಣವೆಂಬುದು 2002ರಲ್ಲಿ ತಿಳಿಯಿತು. 2007ರಲ್ಲಿ ಜಪಾನಿನ ಶಿನ್ಯ ಯಮನಾಕ ಅವರ ತಂಡವು ಮಾನವನ ಚರ್ಮದ ಕೋಶಗಳನ್ನು ಮೂಲಕೋಶಗಳ ಸ್ಥಿತಿಗೆ ಮರಳಿಸಿತು. ಇದರಿಂದ ಮುಖವನ್ನು ಕಟ್ಟುವ ಕೋಶಗಳನ್ನು ಗಾಜಿನ ತಟ್ಟೆಯಲ್ಲಿಯೇ ಬೆಳೆಸಿ, ಅವು ಎಲ್ಲಿ ಎಡವುತ್ತವೆಂಬುದನ್ನು ಪರಿಶೀಲಿಸುವ ಮಾರ್ಗ ತೆರೆಯಿತು. ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಬಿಸುಡುವ ತುಟಿಯ ಚೂರು ಕೂಡ, ತಂದೆತಾಯಿಯರ ಒಪ್ಪಿಗೆಯಿದ್ದರೆ, ಸಂಶೋಧನೆಗೆ ಒದಗುತ್ತದೆ.

ಜಗತ್ತಿನಲ್ಲಿ ಸುಮಾರು 700 ಶಿಶುಗಳಲ್ಲಿ ಒಂದಕ್ಕೆ ಈ ಸೀಳು ಇರುತ್ತದೆ, ಗ್ರಹಣದ ಭಯವೇ ಇಲ್ಲದ ನಾಡುಗಳಲ್ಲಿಯೂ. ಹಾಗೆಂದು ಗ್ರಹಣದ ಸ್ಥಾನದಲ್ಲಿ ವಂಶವಾಹಿಯನ್ನು ಕೂರಿಸಿ, ‘ಹೆಣ್ಣಿನ ತವರಿನ ದೋಷ’ ಎಂದು ಬೆರಳು ತೋರುವುದೂ ಅನ್ಯಾಯವೇ. ವಂಶವಾಹಿಗಳು ತಂದೆತಾಯಿಯರಿಬ್ಬರಿಂದಲೂ ಬರುತ್ತವೆ. ಬಹುಪಾಲು ಪ್ರಸಂಗಗಳಲ್ಲಿ ಹಲವು ಕಾರಣಗಳು ಕೂಡಿರುತ್ತವೆ. ಧೂಮಪಾನ, ಮದ್ಯ ಮತ್ತು ಮೂರ್ಛೆರೋಗದ ಕೆಲವು ಔಷಧಿಗಳು ಅಪಾಯವನ್ನು ಹೆಚ್ಚಿಸುತ್ತವೆ. ಆದರೆ ವೈದ್ಯರ ಸಲಹೆಯಿಲ್ಲದೆ ಔಷಧಿಯನ್ನು ನಿಲ್ಲಿಸುವುದು ಇನ್ನೂ ಅಪಾಯಕರ.

ಶಸ್ತ್ರಚಿಕಿತ್ಸೆಯ ಫಲ ಕಣ್ಣಿಗೆ ಕಾಣುತ್ತದೆ, ಸಂಶೋಧನೆಯದು ಕಾಣುವುದಿಲ್ಲ. ಆದುದರಿಂದ ದಾನವು ಮೊದಲಿನದಕ್ಕೇ ಸಲ್ಲಲಿ ಎಂಬ ವಾದವುಂಟು. ಅದನ್ನು ತಳ್ಳಿಹಾಕಲಾಗದು. ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಯೂ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ತರಬೇತಿಯೂ ದೊರೆಯುತ್ತಿದ್ದು, ಬಡ ಕುಟುಂಬಗಳಿಗೆ ಅಲ್ಲಿಗೆ ಹೋಗಿಬರುವ ವೆಚ್ಚವೇ ಭಾರ. ಆದರೆ ಹೊಲಿಗೆಯು ಮಗುವಿನ ತುಟಿಯನ್ನು ಕೂಡಿಸೀತೇ ಹೊರತು ತಾಯಿಯ ಮೇಲಣ ಅಪವಾದವನ್ನು ತೊಡೆಯದು. ಅದನ್ನು ತೊಡೆಯಬಲ್ಲದ್ದು ಜ್ಞಾನವೊಂದೇ.

ಈ ಜ್ಞಾನವನ್ನು ಮನೆಮನೆಗೆ ಮುಟ್ಟಿಸುವ ಹೊಣೆ ಪಾಠಶಾಲೆಯದು. ಜೀವಶಾಸ್ತ್ರದ ಪಾಠದಲ್ಲಿ ಭ್ರೂಣದ ಬೆಳವಣಿಗೆಯನ್ನು ಬೋಧಿಸುವ ಉಪಾಧ್ಯಾಯರು ಇದೊಂದು ಉದಾಹರಣೆಯನ್ನು ಸೇರಿಸಿದರೆ ಸಾಕು. ವೈದ್ಯರಾದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು ತಿಳಿಯಹೇಳಲಿ. ದಾನಿಗಳು ಶಾಲೆಗೊಂದು ಸೂಕ್ಷ್ಮದರ್ಶಕವನ್ನೂ, ದೂರದ ಆಸ್ಪತ್ರೆಗೆ ಹೊರಟ ಮಗುವಿಗೆ ದಾರಿಖರ್ಚನ್ನೂ ಕೊಡಲಿ. ಜೀವಕೋಶವನ್ನು ಕಣ್ಣಾರೆ ಕಂಡ ಬಾಲಕಿಯು ಮುಂದೆ ತಾಯಿಯಾದಾಗ ಆ ಹಳೆಯ ಪ್ರಶ್ನೆಗೆ ತಲೆತಗ್ಗಿಸಲಾರಳು. ಬಾಲಕನು ತಂದೆಯಾದಾಗ ಆ ಪ್ರಶ್ನೆಯನ್ನು ಕೇಳಲಾರನು.