ಎಳೆಯರ ಸಂಗೀತ ಶಿಕ್ಷಣವೂ ಮುಕ್ತ ತಂತ್ರಾಂಶವೂ

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಶಾಲೆಗೊಂದು ಗಣಕಯಂತ್ರ ದೊರಕಿಸುವುದು ಈಗ ಕಷ್ಟವಲ್ಲ. ಸಂಗೀತ ಶಿಕ್ಷಕರು ದೊರೆಯುವುದೇ ದುರ್ಲಭ. ಹೀಗಿರುವಾಗ ಆ ಯಂತ್ರದಿಂದಲೇ ಎಳೆಯರಿಗೆ ಸ್ವರಜ್ಞಾನ ಮಾಡಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮಾಡಿಸಬಹುದು, ಆದರೆ ಎಷ್ಟರ ಮಟ್ಟಿಗೆ ಎಂಬುದು ವಿಚಾರಾರ್ಹ.

ಮೊದಲನೆಯದಾಗಿ, ಬೆಲೆ ತೆತ್ತು ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ. ಮುಕ್ತ ತಂತ್ರಾಂಶಕ್ಕೆ ಪರವಾನಗಿಯ ಶುಲ್ಕವಿಲ್ಲ. ನಕಲು ಮಾಡಿ ಹಂಚಬಹುದು, ಬಲ್ಲವರು ತಿದ್ದಲೂಬಹುದು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹಳ ಹಿಂದೆಯೇ ಈ ಮಾರ್ಗ ಹಿಡಿದಿವೆ. ಎಳೆಯರಿಗೆ ಯೋಗ್ಯವಾದುದು 2000ದಲ್ಲಿ ಫ್ರಾನ್ಸಿನಲ್ಲಿ ಆರಂಭಗೊಂಡ ಜಿಕಾಂಪ್ರಿ. ಫ್ರೆಂಚಿನಲ್ಲಿ ಆ ಹೆಸರು 'ನನಗೆ ತಿಳಿಯಿತು' ಎಂದು ಕೇಳಿಸುತ್ತದೆ. ಒಮ್ಮೆ ಅಳವಡಿಸಿದರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಲಯವನ್ನು ಕೇಳಿ ಹಾಗೆಯೇ ಮರಳಿ ಬಡಿಯುವ ಆಟ, ಕೇಳಿದ ನಾದಗಳ ಕ್ರಮವನ್ನು ನೆನಪಿಟ್ಟು ಒತ್ತುವ ಆಟ ಅದರಲ್ಲಿವೆ. ಅಕ್ಷರ ಬಾರದ ಕೂಸೂ ಇವನ್ನು ಆಡಬಲ್ಲದು.

ಆದರೆ ಅದರಲ್ಲಿಯೇ ಇರುವ ಪಿಯಾನೊ ಪಾಠಗಳನ್ನು ನಾನು ಎಳೆಯರಿಗೆ ಒಪ್ಪಿಸಲಾರೆ. ಪಿಯಾನೊದಲ್ಲಿ ಪ್ರತಿ ಸ್ವರದ ಸ್ಥಾನ ನಿಗದಿಯಾದುದು. ಸಪ್ತಕವು ಹನ್ನೆರಡು ಸಮಭಾಗವಾದುದು. ನಮ್ಮಲ್ಲಿಯಾದರೋ ಷಡ್ಜವನ್ನು ಹಾಡುವವನ ಕಂಠವೇ ನಿರ್ಧರಿಸುತ್ತದೆ. ಇಂಥ ಆಕ್ಷೇಪಗಳ ಕಾರಣದಿಂದಲೇ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಪೇಟಿಯನ್ನು ಹೊರಗಿಟ್ಟು ಮೂರು ದಶಕಗಳ ಕಾಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಅದು ಅತಿಯಾಯಿತೆನ್ನಿ, ನಮ್ಮ ಭಜನೆಗಳು ಪೇಟಿಯಿಲ್ಲದೆ ಸಾಗುವುದುಂಟೆ! ಆದರೂ ಐದಾರು ವರ್ಷದ ಕಿವಿಗೆ ಪ್ರಥಮ ಸಂಸ್ಕಾರವು ಗುಂಡಿಯಿಂದಾಗದೆ ನಾದದಿಂದಲೇ ಆಗತಕ್ಕದ್ದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರನ್ನು ಗಾಯಕರನ್ನಾಗಿಸಿದ್ದು ಪರದೆ ತೋರಿಸಿಯಲ್ಲ.

ಆದ್ದರಿಂದ ನಾನು ಹೆಚ್ಚು ಬೆಲೆ ಕೊಡುವುದು ಧ್ವನಿಮುದ್ರಣದ ಆಡಾಸಿಟಿ ಎಂಬ ಮುಕ್ತ ತಂತ್ರಾಂಶಕ್ಕೆ. ಅದು ಮಕ್ಕಳಿಗೆಂದು ರಚಿತವಾದುದಲ್ಲ, ಗುಂಡಿಗಳು ವಿಪರೀತ. ಆದರೆ ಕೆಂಪು ಗುಂಡಿ ಒತ್ತಿ ಹಾಡಿ, ಹಸಿರು ಗುಂಡಿ ಒತ್ತಿ ಕೇಳುವಷ್ಟು ಮಗುವಿಗೆ ಸಾಕು. ತನ್ನ ದನಿ ಎಲ್ಲಿ ಜಾರಿತೆಂಬುದನ್ನು ಅದು ತಾನೇ ಕೇಳಿ ತಿಳಿಯುತ್ತದೆ. ಶಿಕ್ಷಕರು ಊರಿನ ತತ್ತ್ವಪದದ ಹಿರಿಯರಿಂದ ಏಕತಾರಿಯ ನಾದವನ್ನು ಕೆಲವು ನಿಮಿಷ ಮುದ್ರಿಸಿಕೊಂಡು, ಅದೇ ತಂತ್ರಾಂಶದಲ್ಲಿ ಶ್ರುತಿಯನ್ನು ಏರಿಸಿ ಇಲ್ಲವೆ ಇಳಿಸಿ ಮಗುವಿನ ಕಂಠಕ್ಕೆ ಹೊಂದಿಸಬಹುದು. ತಿಂಥಣಿ, ಮುದನೂರುಗಳ ಸೀಮೆಯಲ್ಲಿ ಏಕತಾರಿಗೆ ಬರವೇ?

ಬೆಂಗಳೂರು, ಹೈದರಾಬಾದುಗಳಲ್ಲಿ ತಂತ್ರಾಂಶ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಜಿಕಾಂಪ್ರಿಯ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಷಡ್ಜವನ್ನು ಬದಲಿಸಬಹುದಾದ, ಸರಿಗಮವನ್ನು ಕನ್ನಡದಲ್ಲಿ ಕಲಿಸುವ ಒಂದು ಆಟವನ್ನು ಅದಕ್ಕೆ ಸೇರಿಸಿಕೊಡಿರಿ. ಇನ್ನು ದಾನಿಗಳು ತಂತ್ರಾಂಶಕ್ಕೆಂದು ತೆಗೆದಿಟ್ಟ ಹಣವಿದ್ದರೆ, ಅದರಿಂದ ಒಂದು ಉತ್ತಮ ಮೈಕನ್ನು ಕೊಡಿಸಲಿ. ಉಳಿದುದನ್ನು ವಾರಕ್ಕೊಮ್ಮೆ ಶಾಲೆಗೆ ಬಂದು ಹಾಡುವ ಊರ ಗಾಯಕರ ಗೌರವಧನಕ್ಕೆ ಮೀಸಲಿಡಲಿ.