ಬೆರಳ ತುದಿಯ ಹನಿಗೂ ನುರಿತ ಕೈ ಬೇಕು

ಹತ್ತು ಕಿಲೊ ತೂಗುವ ಮಗುವಿನ ಮೈಯಲ್ಲಿ ಸುಮಾರು 800 ಮಿಲಿಲೀಟರ್ ರಕ್ತ ಇರುತ್ತದೆ. ಹಿಮೋಗ್ಲೋಬಿನ್ ಅಳೆಯುವ ಪುಟ್ಟ ಡಿಜಿಟಲ್ ಮೀಟರಿಗೆ ಸುಮಾರು 10 ಮೈಕ್ರೊಲೀಟರ್ ಸಾಕು. ಲೆಕ್ಕ ಹಾಕಿದರೆ 80 ಸಾವಿರ ಪಾಲಿನಲ್ಲಿ ಒಂದೇ ಪಾಲು. ಆದರೂ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ನಮ್ಮ ಹಳ್ಳಿಗಳಲ್ಲಿ ‘ಮೊದಲ ಕೂಸು ಸೊರಗೇತಿ, ಇನ್ನ ರಕ್ತ ಬ್ಯಾರೆ ತಗೀತೀರೇನು?’ ಎಂದು ಅಡ್ಡ ಬರುವ ಅಜ್ಜಿಯರು ಇದ್ದಾರೆ. ಅವರ ಭಯಕ್ಕೆ ಈ ಲೆಕ್ಕವೇ ಉತ್ತರ. ನನ್ನ ಆತಂಕ ಬೇರೆ: ತೆಗೆದ ಆ ಹನಿ ನಿಜ ಹೇಳುತ್ತದೆಯೇ?

ನಾನು ಬಿಇ ವಿದ್ಯಾರ್ಥಿ. ಉಪಕರಣ ಎಷ್ಟೇ ದುಬಾರಿಯಾಗಿದ್ದರೂ ಅದಕ್ಕೆ ಕೊಡುವ ಮಾದರಿ ಕೆಟ್ಟರೆ ರೀಡಿಂಗ್ ಕೆಡುತ್ತದೆ ಎಂಬುದು ಲ್ಯಾಬಿನಲ್ಲಿ ನಮಗೆ ಸಿಗುವ ಮೊದಲ ಪಾಠ. ಮಗುವಿನ ಬೆರಳಿಗೂ ಇದೇ ನಿಯಮ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ದೇಶದ ಸರಾಸರಿ ಶೇ 67.1. ಅಲ್ಲಿ ಬಳಸಿದ್ದು ಚುಚ್ಚಿ ತೆಗೆದ ಹನಿ. 2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, 1ರಿಂದ 4 ವರ್ಷದ ಮಕ್ಕಳಲ್ಲಿ ಕಂಡದ್ದು ಸುಮಾರು ಶೇ 41. ವರ್ಷವೂ ವಯಸ್ಸಿನ ಗುಂಪೂ ಬೇರೆ, ನಿಜ. ಆದರೆ ಇಷ್ಟು ದೊಡ್ಡ ಅಂತರಕ್ಕೆ ರಕ್ತ ತೆಗೆದ ವಿಧಾನವೂ ಒಂದು ಕಾರಣ ಎಂದು ತಜ್ಞರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯೂ ರಕ್ತನಾಳದ ರಕ್ತಕ್ಕೇ ಆದ್ಯತೆ ಕೊಟ್ಟಿದೆ.

ಹಾಗೆಂದು ಪ್ರತಿ ಅಂಗನವಾಡಿಯಲ್ಲೂ ಸಿರಿಂಜ್ ಹಿಡಿಯಲು ಆಗುವುದಿಲ್ಲ. ಚುಚ್ಚುವುದನ್ನೇ ಸರಿಯಾಗಿ ಮಾಡಬೇಕು. ಆರು ತಿಂಗಳೊಳಗಿನ ಕೂಸಿಗೆ ಹಿಮ್ಮಡಿಯ ಅಂಚಿನಲ್ಲಿ, ದೊಡ್ಡ ಮಗುವಿಗೆ ನಡುಬೆರಳು ಅಥವಾ ಉಂಗುರದ ಬೆರಳಿನ ತುದಿಯಲ್ಲಿ, ಸ್ವಲ್ಪ ಪಕ್ಕಕ್ಕೆ ಚುಚ್ಚಬೇಕು. ಹಿಮ್ಮಡಿಯಲ್ಲಿ ಆಳ 2.4 ಮಿಲಿಮೀಟರ್ ಮೀರಬಾರದು, ಮೀರಿದರೆ ಸೂಜಿ ಎಲುಬಿಗೆ ತಾಗುವ ಅಪಾಯ ಇದೆ. ಒರೆಸಿದ ಸ್ಪಿರಿಟ್ ಒಣಗುವವರೆಗೆ ಕಾಯಬೇಕು. ಮೊದಲ ಹನಿಯನ್ನು ಒರೆಸಿಬಿಡಬೇಕು. ಬೆರಳನ್ನು ಹಿಂಡಬಾರದು. ಹಿಂಡಿದರೆ ಚರ್ಮದಡಿಯ ದ್ರವ ಬೆರೆತು ರಕ್ತ ತೆಳುವಾಗುತ್ತದೆ, ಹಿಮೋಗ್ಲೋಬಿನ್ ಇರುವುದಕ್ಕಿಂತ ಕಡಿಮೆ ತೋರುತ್ತದೆ.

ಒಂದು ತಪ್ಪು ಅಂಕಿಯಿಂದ ಏನಾಗುತ್ತದೆ ಎಂದು ಕೇಳಬಹುದು. ಮೂರು ವರ್ಷದ ಮಗುವಿಗೆ ಗೆರೆ ಇರುವುದು ಡೆಸಿಲೀಟರಿಗೆ 11 ಗ್ರಾಂ. 10.6 ಇರುವ ಮಗು 11.2 ತೋರಿದರೆ ಚಿಕಿತ್ಸೆಯ ಪಟ್ಟಿಯಿಂದ ಹೊರಗೆ ಉಳಿಯುತ್ತದೆ. ಗಟ್ಟಿಮುಟ್ಟಾದ ಮಗು 10.6 ತೋರಿದರೆ ಕೂಲಿ ಬಿಟ್ಟು ತಾಯಿ ತಾಲ್ಲೂಕು ಆಸ್ಪತ್ರೆಗೆ ಅಲೆಯಬೇಕು. ಮುಂದಿನ ಸಲ ಆಕೆ ಮಗುವಿನ ಕೈಯನ್ನೇ ಮುಂದೆ ಚಾಚಿಸುವುದಿಲ್ಲ.

ಇದರಲ್ಲಿ ಆರೋಗ್ಯ ಸಿಬ್ಬಂದಿಯನ್ನು ದೂರುವುದು ನ್ಯಾಯವಲ್ಲ. ಎದುರಿಗೆ ಮಕ್ಕಳ ಸಾಲು, ಒಂದು ಅಳಲು ಶುರುಮಾಡಿದರೆ ಉಳಿದವೆಲ್ಲ ಅಳುತ್ತವೆ. ಸಂಜೆಯೊಳಗೆ ಅಂಕಿ ತುಂಬಿ ಕಳಿಸಬೇಕು. ಇಂಥ ಅವಸರದಲ್ಲಿ ಬೆರಳು ಹಿಂಡದೆ ಕಾಯುವ ತಾಳ್ಮೆ ಯಾರಿಗಿದೆ? ನಾವು ಮೀಟರ್ ಕೊಳ್ಳಲು ದುಡ್ಡು ಹಾಕುತ್ತೇವೆ, ಅದನ್ನು ಹಿಡಿಯುವ ಕೈಗೆ ತರಬೇತಿ ಮತ್ತು ಸಮಯ ಕೊಡಲು ಹಿಂದೆಮುಂದೆ ನೋಡುತ್ತೇವೆ.

ನನ್ನ ಬೇಡಿಕೆ ಮೂರೇ. ಕೈಹಿಡಿದು ಕಲಿಸುವ ತರಬೇತಿ ವರ್ಷಕ್ಕೊಮ್ಮೆಯಾದರೂ ಆಗಲಿ. ಒಂದು ದಿನಕ್ಕೆ ಇಷ್ಟೇ ಮಕ್ಕಳು ಎಂಬ ಮಿತಿ ಇರಲಿ. ಗೆರೆಯ ಆಸುಪಾಸಿನಲ್ಲಿ ಬಂದ ಮಕ್ಕಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತನಾಳದ ರಕ್ತದಿಂದ ಮರುಪರೀಕ್ಷೆ ಸಿಗಲಿ.

ಕೊನೆಯದು ನಮ್ಮ ವಯಸ್ಸಿನವರಿಗೆ. ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಎಂದರೆ ‘ಬೇರೇನೂ ಸಿಗದವರು ಸೇರುವುದು’ ಎಂದು ಮೂಗು ಮುರಿಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಆದರೆ ಅಳುವ ಮಗುವನ್ನು ಸಮಾಧಾನ ಮಾಡಿ, ಒಂದೇ ಚುಚ್ಚಿಗೆ ಸರಿಯಾದ ಹನಿ ತೆಗೆಯುವುದು ಕೋಡಿಂಗಿನಷ್ಟೇ ನಿಖರವಾದ ವಿದ್ಯೆ. ಕೆಲಸ ಹುಡುಕುತ್ತಿರುವವರು ಅದನ್ನು ಕೀಳೆಂದು ಬಿಡಬೇಡಿ. ನಮ್ಮೂರ ಮಕ್ಕಳ ಬಗ್ಗೆ ಸರ್ಕಾರ ಬರೆಯುವ ಪ್ರತಿ ಅಂಕಿಯ ಬುಡದಲ್ಲಿ ಅಂಥದೊಂದು ಕೈ ಇದೆ.