ಚೀಟಿಯ ಮೈಲೇಜು, ಟ್ರೈಲರಿನ ಮೈಲೇಜು

ಅಮೆರಿಕದ ರೈತನಿಗೆ ಪಿಕಪ್ ಎಂದರೆ ನಮಗೆ ಎತ್ತಿನ ಗಾಡಿ ಇದ್ದ ಹಾಗೆ. ಫೋರ್ಡ್ ಎಫ್-150 ತರಹದ ಗಾಡಿಯ ಗಾಜಿಗೆ ಸರ್ಕಾರಿ ಲೆಕ್ಕದ ಚೀಟಿ ಅಂಟಿರುತ್ತದೆ: ಗ್ಯಾಲನ್ನಿಗೆ ಸುಮಾರು 20 ಮೈಲಿ, ಅಂದರೆ ಲೀಟರಿಗೆ ಎಂಟೂವರೆ ಕಿಲೋಮೀಟರ್. ಇದು ಪ್ರಯೋಗಶಾಲೆಯ ಉರುಳೆ ಮೇಲೆ ಓಡಿಸಿ ತೆಗೆದ ಲೆಕ್ಕ. 2008ರ ಮಾದರಿಗಳಿಂದ ವೇಗ, ಚಳಿ, ಏರ್ ಕಂಡೀಷನ್ ಎಲ್ಲಾ ಸೇರಿಸಿ ತಿದ್ದಿದರು, ಸರಿ. ಟ್ರೈಲರ್ ಎಲ್ಲಿ ಸ್ವಾಮಿ? ದನ ತುಂಬಿದ ಟ್ರೈಲರ್ ಕಟ್ಟಿದರೆ ಮೈಲೇಜು ಅರ್ಧಕ್ಕೆ ಇಳಿಯುವುದುಂಟು.

ಇನ್ನೊಂದು ಮೋಜು ಕೇಳಿ. ಹೊರೆ ಸೇರಿ ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ಪಿಕಪ್ಪಿಗೆ, ಭಾರ ಎಳೆಯುವವರು ಕೊಳ್ಳುವುದೇ ಅದನ್ನ, ಚೀಟಿಯೇ ಇಲ್ಲ! ಕಾನೂನೇ ಕೊಟ್ಟ ವಿನಾಯಿತಿ. ಸಾಲದ ಕಂತನ್ನು ಒಂದು ಸೆಂಟೂ ಬಿಡದೆ ಬರೆದುಕೊಡುತ್ತಾರೆ, ಎಣ್ಣೆ ಎಷ್ಟು ಕುಡಿಯುತ್ತದೆ ಅಂತ ಮಾತ್ರ ಬರೆಯೋದಿಲ್ಲ. ಬೆಳೆಯ ಬೆಲೆಯೂ ಪಂಪಿನ ಬೆಲೆಯೂ ಕೈಲಿಲ್ಲದ ರೈತ, ಹೊರೆ ಎಳೆಯುವಾಗಿನ ಮೈಲೇಜನ್ನಾದರೂ ಬರೆಸಿಕೊಳ್ಳಬೇಕು.